ಇಲಿ ಕೋಣೆಯ ನೀಲಿ ಸ್ವೆಟರ್

"ಅಲ್ಲೇ ನಿಂತ್ಕಳಿ! ಒಳಕ್ಕೆ ಬಂದ್ರೆ ಎಲ್ಲಾ ಕೆಡ್ತದೆ!"

ಸಿರಿಂಜ್ ಹಿಡಿದ ಯುವಕ ನವ್ಯಶ್ರೀಯ ಮುಖಕ್ಕೇ ಬಾಗಿಲು ಹಾಕಿದ. ತಿಪ್ಪಸಂದ್ರ ಎಂಬ ಹಳ್ಳಿಯಿಂದ ಬಸ್ ಬದಲಿಸುತ್ತಾ ಕನಕಪುರ ರಸ್ತೆಯ ಲ್ಯಾಬಿಗೆ ಮೊದಲ ದಿನ ಕೆಲಸಕ್ಕೆ ಬಂದವಳಿಗೆ ಇದು ಸ್ವಾಗತ!

'ಎಂಥಾ ಕೊಬ್ಬು...! ಕಣ್ಣು ಮಾತ್ರ ಚೆನ್ನಾಗಿದೆ.'

ಅವನು ಮಧುಕುಮಾರ್. ಹೊಟ್ಟೆಯೊಳಗಿನ ಮೇದೋಜೀರಕ ಗ್ರಂಥಿ ಊದಿಕೊಂಡ ಇಲಿಗಳಿಗಾಗಿ ಸಿರಿಂಜ್ ತುಂಬುವವನು. ಕೆಲವಕ್ಕೆ ನೋವಿನ ಮದ್ದು, ಕೆಲವಕ್ಕೆ ಬರೀ ಉಪ್ಪುನೀರು. ಮುಖ್ಯಸ್ಥೆ ಡಾಕ್ಟರ್ ಲತಾಮಣಿ ಅದನ್ನು ಬೆನ್ನುಹುರಿಗೆ ಚುಚ್ಚುತ್ತಾರೆ. ಆಮೇಲೆ ನವ್ಯಶ್ರೀ ಇಲಿಯ ಹೊಟ್ಟೆಗೆ ನೈಲಾನ್ ಎಳೆ ತಾಗಿಸಿ, ನೋವಿಗೆ ಬೆಚ್ಚುತ್ತದೆಯೇ ಎಂದು ನೋಡಬೇಕು. ಯಾವ ಇಲಿಗೆ ಏನು ಕೊಟ್ಟದ್ದೆಂದು ಮಧುವಿಗೆ ಮಾತ್ರ ಗೊತ್ತು; ನೋಡುವವಳಿಗೆ ತಿಳಿದರೆ ಅವಳ ಲೆಕ್ಕ ಒಂದು ಕಡೆಗೆ ವಾಲುತ್ತದೆ.

ಅವಳು ಎದುರಾದರೆ ಅವನು ಗೋಡೆ ನೋಡಿಕೊಂಡು ಓಡುತ್ತಿದ್ದ.

'ಹಳ್ಳಿಯವಳು ಅಂತ ಅಸಡ್ಡೆ!'

ಅಷ್ಟು ಉರಿದುಕೊಂಡರೂ, ಇಲಿ ಕೋಣೆಯ ಎಸಿ ಚಳಿಗೆ, ಹೊರಗೆ ಮೊಳೆಯಲ್ಲಿ ತೂಗುತ್ತಿದ್ದ ಅವನ ನೀಲಿ ಸ್ವೆಟರನ್ನೇ ಕದ್ದು ತೊಡುತ್ತಿದ್ದಳು. ಮನಸ್ಸಿಗೆ ನಾಚಿಕೆ ಎಲ್ಲಿದೆ?

ಫಲಿತಾಂಶ ತೆರೆದ ದಿನ ಲತಾಮಣಿ ಮೇಜು ಗುದ್ದಿದರು.

"ಉಪ್ಪುನೀರು ಚುಚ್ಚಿದ ಇಲಿನೂ ಬೆಚ್ಚಿಲ್ಲ! ಮಧು, ಸಿರಿಂಜ್ ಅದಲುಬದಲು ಮಾಡಿದ್ರೆ ನಾಳೆಯಿಂದ ಬರ್ಬೇಡಪ್ಪ."

"ಇಲ್ಲ ಮೇಡಂ! ಬಾಯಿತಪ್ಪಿ ಗುಟ್ಟು ಹೇಳ್ಬುಟ್ಟೇನು ಅಂತ ಇವ್ರ ಮುಖಾನೂ ನೋಡ್ದೆ ಇದ್ದೀನಿ... ಅದೇ ದೊಡ್ಡ ಕಷ್ಟ ಆಗಿತ್ತು!"

ನವ್ಯಶ್ರೀ ಥಟ್ಟನೆ ಅವನತ್ತ ತಿರುಗಿದಳು. 'ಹಂಗಾದ್ರೆ... ಅಸಡ್ಡೆ ಅಲ್ವಾ?'

ಲತಾಮಣಿ ಈಗ ಅವಳನ್ನು ಹಿಡಿದರು. "ಮತ್ತೆ ಇಲಿ ಕೋಣೆಗೆ ಗಂಡಸರು ಯಾರಾದ್ರೂ ಬಂದಿದ್ರಾ? ಗಂಡಸರ ವಾಸ್ನೆ ಬಡಿದ್ರೆ ಇಲಿ ಹೆದರ್ಕೊಂಡು ನೋವೇ ಮರೀತದೆ. ಅದ್ಕೇ ಅಲ್ವಾ ನಿನ್ನ ಕೂರಿಸಿದ್ದು?"

ಬಾಯಿ ಮುಚ್ಚಿದರೆ ಮಧುವಿನ ಕೆಲಸ ಹೋಗುತ್ತದೆ. ಬಾಯಿ ಬಿಟ್ಟರೆ ತನ್ನ ಮಾನ! ನವ್ಯಶ್ರೀ ಕಣ್ಣು ಮುಚ್ಚಿಕೊಂಡಳು.

"ಗಂಡಸರು ಬಂದಿಲ್ಲ ಮೇಡಂ... ಸ್ವೆಟರ್ ಬಂದಿತ್ತು. ಇವರ್ದು. ದಿನಾ ಹಾಕ್ಕೋತಿದ್ದೆ... ಚಳಿ ಅಂತ."

"ನಿನ್ನ ಶಾಲು ಬ್ಯಾಗಲ್ಲೇ ಐತಲ್ಲಮ್ಮ?"

ನವ್ಯಶ್ರೀ ಬ್ಯಾಗನ್ನು ಬೆನ್ನ ಹಿಂದೆ ಸರಿಸಿದಳು. ಕಿವಿಗಳು ಕೆಂಪಾದವು.

ಲತಾಮಣಿ ನಗು ನುಂಗಿದರು. "ಎಲ್ಲಾ ನಾಳೆ ಮೊದಲಿಂದ ಶುರು ಮಾಡಿ. ಆ ಸ್ವೆಟರ್ ಮನೇಲಿರ್ಲಿ!"

ಅವರು ಹೊರಟ ಮೇಲೆ ಮಧು ಮೊದಲ ಬಾರಿ ಅವಳ ಕಣ್ಣು ನೋಡಿದ.

"ನಾಳೆಯಿಂದ ಮತ್ತೆ ಗೋಡೆ ನೋಡ್ಬೇಕು. ಇವತ್ತೇ ಹೇಳ್ಬುಡ್ತೀನಿ... ನೀವಂದ್ರೆ ನಂಗೆ ಇಷ್ಟ ಕಣ್ರೀ!"

ಅವಳು ಮೊಳೆಯಲ್ಲಿದ್ದ ಸ್ವೆಟರನ್ನು ತೆಗೆದು ಮಡಚಿ ತನ್ನ ಬ್ಯಾಗಿಗೇ ಹಾಕಿಕೊಂಡಳು.

"ಅಯ್ಯೋ, ಅದು ನಂದು!"

"ಮನೇಲಿರ್ಲಿ ಅಂದ್ರು ಮೇಡಂ. ಯಾರ ಮನೇಲಿ ಅಂತ ಹೇಳಿದ್ರಾ?"

"ಮತ್ತೆ ನಂಗೆ ಚಳಿ ಆದ್ರೆ...?"

"ತಿಪ್ಪಸಂದ್ರಕ್ಕೆ ಬಂದು, ನಮ್ಮಪ್ಪನ್ನ ಕೇಳಿ ಇಸ್ಕೊಳ್ಳಿ... ಸ್ವೆಟರನ್ನೂ, ನನ್ನನ್ನೂ!"