ಬೆಲ್ಲ ಕೊಡದ ಮಾಂತ್ರಿಕ

ಬಲು ಹಿಂದೆ, ಏಳು ಬೆಟ್ಟಗಳ ನಡುವೆ ನಗೆಗೋಟೆ ಅಂತ ಒಂದು ರಾಜ್ಯ. ರಾಜನಿಂದ ಹಿಡಿದು ಅಗಸನವರೆಗೆ ಅಲ್ಲಿ ಎಲ್ಲರೂ ತುಂಟರೇ. ಆದರೆ ಒಂದು ಕಟ್ಟಳೆಯಿತ್ತು. ಯಾರಿಗೆ ತುಂಟಾಟ ಮಾಡಿದರೂ ಮಾಡಿದವರೇ ಅವರಿಗೊಂದು ಚೂರು ಬೆಲ್ಲ ಕೊಡಬೇಕು. ಬೆಲ್ಲ ಸೇರಿತೋ, ಆ ನೆಲವೇ ಆಟ ಬಿಡಿಸಿಬಿಡುತ್ತಿತ್ತು. ಬಚ್ಚಿಟ್ಟ ಪೇಟ ತಾನಾಗಿ ಹಾರಿಬಂದು ಒಡೆಯನ ತಲೆಯೇರುತ್ತಿತ್ತು.

ಆ ತುಂಟರಲ್ಲೆಲ್ಲ ಮಹಾ ತುಂಟಿ, ಬಳೆಗಾರರ ಕೆಂಚವ್ವ. ಅವಳ ಅಕ್ಕ ಸಿಂಗಾರವ್ವನ ಧಾರೆ ಇನ್ನೇನು ಆಗಬೇಕು, ಪರದೇಶದಿಂದ ಬಂದು ಬೆಟ್ಟದ ಮೇಲೆ ಸೇರಿಕೊಂಡಿದ್ದ ಮಾಂತ್ರಿಕ ಬಿರುಗಣ್ಣ ಚಪ್ಪರಕ್ಕೇ ನುಗ್ಗಿದ. ಮದುಮಗಳನ್ನು ಕಲ್ಲುಗೊಂಬೆ ಮಾಡಿ ಹೊತ್ತೊಯ್ದ. ಹೋಗುವಾಗ ನಕ್ಕ ನೋಡಿ, ಕೆಂಚವ್ವನಿಗೆ ಮೈಯೆಲ್ಲ ಉರಿದುಹೋಯಿತು. ಅಕ್ಕನನ್ನು ತಂದೇ ತರುತ್ತೇನೆಂದು, ಸೆರಗಿಗೆ ಬೆಲ್ಲ ಕಟ್ಟಿಕೊಂಡು ಬೆಟ್ಟ ಹತ್ತಿದಳು.

ಮಾಂತ್ರಿಕನ ಮನೆಯ ಮೊದಲ ಬಾಗಿಲಲ್ಲಿ ಬೆಂಕಿಯುಗುಳುವ ಟಗರು. ಅದು ನುಗ್ಗಿದ್ದೇ ತಡ, ಪಕ್ಕಕ್ಕೆ ಜಿಗಿದು ಅದರ ಬಾಲಕ್ಕೆ ತನ್ನ ಗೆಜ್ಜೆ ಕಟ್ಟಿದಳು. ಝಲ್ ಎಂದರೆ ಟಗರು ತಿರುಗುತ್ತೆ, ತಿರುಗಿದರೆ ಮತ್ತೆ ಝಲ್! ಬುಗುರಿಯ ಹಾಗೆ ಸುತ್ತಿ ಸುತ್ತಿ ದೊಪ್ಪೆಂದು ಕೂತಿತು. ಕೆಂಚವ್ವ ಅದರ ಬಾಯಿಗೆ ಬೆಲ್ಲವಿಟ್ಟಳು, ಗೆಜ್ಜೆ ತಾನೇ ಕಳಚಿ ಬಿತ್ತು.

"ನಾನು ಕುರಿ ಕಾಯ್ತಿದ್ದೆ ತಾಯಿ," ಎಂದಿತು ಟಗರು. "ಆ ಬಿರುಗಣ್ಣ ಹಿಂಗೆ ಮಾಡಿಟ್ಟ. ಒಂದು ಚೂರು ಬೆಲ್ಲಾನೂ ಕೊಡಲಿಲ್ಲ."

"ನಡಿ, ಕೇಳೋಣ," ಎಂದಳು ಕೆಂಚವ್ವ.

ಎರಡನೇ ಬಾಗಿಲಲ್ಲಿ ಎರಡು ತಲೆಯ ಹೆಬ್ಬಾವು. ಕಂಬದ ಮರೆಯಿಂದ ಒಂದು ತಲೆಗೆ ಮೊಟಕಿದಳು, ಆಮೇಲೆ ಇನ್ನೊಂದಕ್ಕೆ. "ನೀನೇ ಮೊಟಕಿದ್ದು." "ನಾನಲ್ಲ, ನೀನೇ." ಜಗಳಾಡಿ ಜಗಳಾಡಿ ಹಾವಿಗೆ ಗಂಟೇ ಬಿತ್ತು. ಎರಡು ಬಾಯಿಗೂ ಬೆಲ್ಲ ಬಿದ್ದಾಗ ಗಂಟು ಸಡಿಲಿತು. ಅದೂ ಬಿರುಗಣ್ಣನ ಮಾಟಕ್ಕೆ ಸಿಕ್ಕಿದ್ದೇ, ಹಿಂದೆ ಹೊರಟಿತು.

ಮೂರನೇ ಬಾಗಿಲಲ್ಲಿ ಕಂಚಿನ ರೆಕ್ಕೆಯ ಹದ್ದು ಗೊರಕೆ ಹೊಡೆಯುತ್ತಿತ್ತು. ಕಣ್ಣ ಕಾಡಿಗೆ ತೆಗೆದು ಅದಕ್ಕೆ ಹುರಿಮೀಸೆ ಬರೆದಳು. ಎದ್ದ ಹದ್ದು ಪಕ್ಕದ ಕೊಳದಲ್ಲಿ ಮುಖ ನೋಡಿಕೊಂಡು, ನಕ್ಕು ನಕ್ಕು ರೆಕ್ಕೆ ಎತ್ತಲಾರದೆ ಹೋಯಿತು. ಬೆಲ್ಲ ತಿಂದಿತು, ಮೀಸೆ ಅಳಿಯಿತು, ಅದೂ ಜೊತೆಯಾಯಿತು. ಸೆರಗಿನಲ್ಲಿ ಉಳಿದದ್ದು ಒಂದೇ ಚೂರು.

ಒಳಗೆ ಕಲ್ಲಾಗಿ ನಿಂತ ಅಕ್ಕನನ್ನು ಕಂಡು ಕೆಂಚವ್ವ ಅತ್ತ ಓಡಿದಳು. ಬಿರುಗಣ್ಣ ಮಂತ್ರದಂಡ ಎತ್ತಿದ, ಹದ್ದು ಗಬಕ್ಕನೆ ಕಿತ್ತುಕೊಂಡಿತು. ಟಗರು ಕೊಂಬು ತಗ್ಗಿಸಿತು, ಹಾವು ಕಾಲಿಗೆ ಸುತ್ತಿತು.

"ಅಯ್ಯೋ, ಬರೀ ತುಂಟಾಟಕ್ಕೆ ಮಾಡಿದೆ ಕಣಮ್ಮ," ಎಂದ ಬಿರುಗಣ್ಣ ಬೆವರುತ್ತ. "ಅದಕ್ಕೆ ಇಷ್ಟು ಸಿಟ್ಟೇ?"

"ತುಂಟಾಟ ಅಂದ್ಮೇಲೆ ಬೆಲ್ಲ ಎಲ್ಲಿ?"

"ನನ್ನ ಹತ್ರ ಎಲ್ಲಿದೆ ಬೆಲ್ಲ?"

"ನಂದೇ ಇಟ್ಕೋ. ನಿನ್ನ ಕೈಯಾರೆ ಎಲ್ಲರಿಗೂ ಕೊಡು, ಬಿಡ್ತಾರೆ."

ಆ ನೆಲದ ಗುಟ್ಟು ಅರಿಯದ ಅವನಿಗೆ, ಇಷ್ಟಕ್ಕೇ ಮುಗಿಯಿತಲ್ಲ ಎಂದು ಒಳಗೊಳಗೇ ಖುಷಿ. ಆ ಚೂರನ್ನೇ ಮುರಿದು ಸಿಂಗಾರವ್ವನ ಕಲ್ಲಿನ ಅಂಗೈಗೊಂದಿಷ್ಟು ಇಟ್ಟ, ಉಳಿದದ್ದನ್ನು ಮೂವರಿಗೂ ಹಂಚಿದ. ನೆಲ ಗುಡುಗಿತು! ಟಗರು ಕುರುಬನಾಯಿತು, ಹೆಬ್ಬಾವು ಅಣ್ಣತಮ್ಮಂದಿರಾಯಿತು, ಹದ್ದು ಅಂಬಿಗನಾಯಿತು. ಮಂತ್ರದಂಡ ಬೂದಿಯಾಯಿತು. ಸಿಂಗಾರವ್ವ ಕಣ್ಣು ಬಿಟ್ಟವಳೇ, "ಕೆಂಚಿ, ಮುಹೂರ್ತ ಮೀರಿತೇನೇ?" ಎಂದಳು. ಕೆಂಚವ್ವ ಅಕ್ಕನನ್ನು ತಬ್ಬಿಕೊಂಡು ಗಳಗಳ ಅತ್ತಳು.

ಮದುವೆ ನಡೆಯಿತು, ಊರೆಲ್ಲ ಉಂಡಿತು. ಬಿರುಗಣ್ಣನನ್ನು ಏನು ಮಾಡಿದರು ಅಂತೀರಾ? ನೀರು ಹೊರಲು ಹಚ್ಚಿದರು. ಮರುದಿನ ಎದ್ದು ನೋಡುತ್ತಾನೆ, ಒಂದು ಚಪ್ಪಲಿ ಮಾಯ! ಅದರ ಜಾಗದಲ್ಲಿ ಒಂದು ಚೂರು ಬೆಲ್ಲ. ಹುಟ್ಟಿದಂದಿನಿಂದ ಅವನಿಗೆ ತಿನ್ನಲೆಂದು ಯಾರೂ ಬೆಲ್ಲ ಕೊಟ್ಟಿರಲಿಲ್ಲ. ಬಾಯಿಗೆ ಹಾಕಿಕೊಂಡದ್ದೇ ತಡ, ಬಾಗಿಲ ಹಿಂದೆ ಅಡಗಿದ್ದ ಕೆಂಚವ್ವನ ಕೈಯಿಂದ ಚಪ್ಪಲಿ ಜಿಗಿದು ಅವನ ಕಾಲಿಗೇರಿತು. ಅವನು ನಕ್ಕ. ಈ ಸಲ ಕೆಂಚವ್ವನಿಗೆ ಮೈ ಉರಿಯಲಿಲ್ಲ, ಅವಳೂ ನಕ್ಕಳು.