ಖಾಲಿ ಬಿಡದ ಕುಳಿ

ಅವಳನ್ನು ಎಲ್ಲರೂ ದಾರದಕ್ಕ ಎನ್ನುತ್ತಿದ್ದರು. ಕಡಲೆಯ ಒಂದು ಹೂವಿಗೆ ಇನ್ನೊಂದು ಹೂವಿನ ಪರಾಗ ಮುಟ್ಟಿಸಿ, ಮುಟ್ಟಿಸಿದ ಗುರುತಿಗೆ ತೊಟ್ಟಿಗೊಂದು ಬಣ್ಣದ ದಾರ ಕಟ್ಟುವುದು ಅವಳ ಕೆಲಸ. ಬೀಜ ಸಂಶೋಧನಾ ಕೇಂದ್ರದ ಹೊಲದ ಹೆಂಗಸರು, ಗೇಟಿನ ಮುದುಕ, ಕಡೆಗೆ ದೊಡ್ಡ ಸಾಹೇಬರು ಕೂಡ ಅವಳಿಗೆ ಅಕ್ಕ ಎಂದೇ ಅನ್ನುತ್ತಿದ್ದರು. ಅವನೊಬ್ಬ ಅನ್ನುತ್ತಿರಲಿಲ್ಲ.

ಅನ್ನಲು ಅವನಿಗೆ ನಾಲಿಗೆ ಏಳುತ್ತಿರಲಿಲ್ಲ. ಕರೆಯಬೇಕಾದಾಗಲೆಲ್ಲ ಎರಡು ಹೆಜ್ಜೆ ದೂರ ನಿಂತು ಸಣ್ಣಗೆ ಕೆಮ್ಮುತ್ತಿದ್ದ.

"ಔಷಧಿ ತಗೊಳ್ಳಿ ಮೇಷ್ಟ್ರೇ," ಎಂದಳು ಒಂದು ಬೆಳಿಗ್ಗೆ, ಗಿಡದಿಂದ ತಲೆ ಎತ್ತದೆ. "ಎರಡು ವರ್ಷದ ಕೆಮ್ಮು ಒಳ್ಳೇದಲ್ಲ."

ಪಕ್ಕದ ಸಾಲಿನ ಹೆಂಗಸರು ಸೆರಗು ಬಾಯಿಗೆ ಅಡ್ಡ ಹಿಡಿದರು. ಅವನ ಕಿವಿ ಕೆಂಪಾಯಿತು. ಅವಳು ಮಾತ್ರ ಚಿಮುಟ ಹಿಡಿದ ಕೈಯನ್ನು ಕದಲಿಸಲಿಲ್ಲ. ತುಟಿಯ ಒಂದು ಕೊನೆ ಮಾತ್ರ ಅಷ್ಟು ಕದಲಿತು. ಅಷ್ಟನ್ನೇ ಅವನು ಇಡೀ ದಿನ ಜೇಬಿನಲ್ಲಿಟ್ಟುಕೊಂಡು ಓಡಾಡಿದ.

ಅವನು ಪಾಠ ಹೇಳುವ ಮೇಷ್ಟ್ರಲ್ಲ. ಲ್ಯಾಬಿನವನು. ಎಳೆ ಗಿಡದಿಂದ ಕಡಲೆಕಾಳಿನಷ್ಟು ಎಲೆ ಕತ್ತರಿಸಿಕೊಂಡು ಹೋಗಿ, ಯಂತ್ರಕ್ಕೆ ಕೊಟ್ಟು, ಆ ಗಿಡದ ಹುಟ್ಟಿನಲ್ಲೇ ಬರೆದಿರುವ ಅಕ್ಷರಗಳನ್ನು ಓದಿ ಹೇಳುವವನು. ಇದಕ್ಕೆ ಸೊರಗು ರೋಗ ತಡೆಯುವ ಶಕ್ತಿ ಇದೆ, ಇಡಿ, ಇದಕ್ಕಿಲ್ಲ, ಕಿತ್ತುಹಾಕಿ. ಹೊಲದವರ ಲೆಕ್ಕದಲ್ಲಿ ಎಲೆ ತಿನ್ನುವವನು ಕುರಿ. ಹಿಂದಿನಿಂದ ಅವರು ಅವನನ್ನು ಕುರಿ ಮೇಷ್ಟ್ರು ಎನ್ನುತ್ತಿದ್ದರು. ಅದು ಅವನಿಗೂ ಗೊತ್ತಿತ್ತು.

ಅವಳ ಕೆಲಸ ನೋಡುವುದೆಂದರೆ ಪೂಜೆ ನೋಡಿದ ಹಾಗೆ. ಇಬ್ಬನಿ ಆರುವ ಮೊದಲೇ ಬಂದು, ನಾಳೆ ಅರಳುವ ಮೊಗ್ಗನ್ನು ಇಂದೇ ಬಿಡಿಸಿ, ಒಳಗಿನ ಹತ್ತು ಕೇಸರಗಳನ್ನು ಒಂದೊಂದಾಗಿ ತೆಗೆಯುತ್ತಿದ್ದಳು. ನಡುವಿನ ಎಳೆಗೆ ಚಿಮುಟದ ತುದಿ ತಾಗಿದರೆ ಹೂವು ಹೋಯಿತು. ತೆಗೆಯುವಾಗ ಅವಳ ತುಟಿ ಏನೋ ಹೇಳಿಕೊಳ್ಳುತ್ತಿತ್ತು. ಏನೆಂದು ಒಂದು ದಿನ ಕೇಳಿಯೇಬಿಟ್ಟ.

"ಕ್ಷಮಿಸು ಅಂತೀನಿ," ಎಂದಳು. "ಹೂವಿಗೆ ಅದರ ಪಾಡಿಗೊಂದು ದಾರಿ ದೇವರು ಕೊಟ್ಟಿರ್ತಾನೆ. ನಾವು ನಡುವೆ ಕೈ ಹಾಕ್ತೀವಿ. ಕೇಳಿ ಹಾಕಬೇಕಲ್ಲ."

ಆ ದಿನ ಅವನು ತನ್ನ ಯಂತ್ರದ ಮುಂದೆ ಕುಳಿತಾಗ, ತಾನು ಇದುವರೆಗೆ ಯಾರನ್ನೂ ಕೇಳದೆ ಎಷ್ಟು ಗಿಡ ಕೀಳಿಸಿದ್ದೇನೆ ಎಂದು ಮೊದಲ ಸಲ ಯೋಚಿಸಿದ.

ಅವಳ ಗಂಡ ಅದೇ ಕೇಂದ್ರದಲ್ಲಿ ತಳಿ ಬೆಳೆಸುವವನಾಗಿದ್ದ. ಒಂದು ಕಲ್ಲುಗುಡ್ಡದ ಮೇಲೆ ಒಂದೇ ಒಂದು ಕಾಡು ಕಡಲೆ ಗಿಡ ಕಂಡು, ಅದನ್ನು ಬೇರುಮಣ್ಣಿನ ಸಮೇತ ಮಗುವಿನಂತೆ ಎತ್ತಿ ತಂದಿದ್ದ. ಎಂಥ ರೋಗದ ಮಣ್ಣಿನಲ್ಲೂ ಬಾಡದ ಗಿಡ. ಅದನ್ನು ಊರ ಕಡಲೆಯೊಂದಿಗೆ ಕೂಡಿಸುವ ಹೊತ್ತಿಗೆ ಅವನು ಹಾಸಿಗೆ ಹಿಡಿದ. ಅವನು ಮಲಗಿದಲ್ಲಿಂದಲೇ ಹೇಳಿದ, ಅವಳು ಹೂ ಕೂಡಿಸಿದಳು. ಕಾಯಿ ಕಟ್ಟುವ ಮೊದಲೇ ಅವನು ಹೋದ. ಕಾಡು ಗಿಡ ಬೀಜ ಬಿಡದೆ ಒಣಗಿತು. ಗುಡ್ಡವನ್ನು ಕಲ್ಲಿಗಾಗಿ ಒಡೆದು ಬಯಲು ಮಾಡಿದರು. ಉಳಿದದ್ದು ಆ ಜೋಡಿಯ ಮೊಮ್ಮಕ್ಕಳಾದ ತೊಂಬತ್ತಾರು ಬೀಜ.

"ಆ ಕಾಡಿನ ಅಜ್ಜಿಯ ಗಟ್ಟಿತನ ಯಾವ ಮೊಮ್ಮಗುವಿಗೆ ಬಂದಿದೆ ಅಂತ ನೀವೇ ಹೇಳಬೇಕು," ಎಂದು ಅವಳು ಬೀಜದ ಪೊಟ್ಟಣವನ್ನು ಅವನಿಗೆ ತೋರಿಸಿದ್ದಳು. ಕೊಟ್ಟಿರಲಿಲ್ಲ. ತೋರಿಸಿ ಮತ್ತೆ ಎದೆಗೆ ಒತ್ತಿಕೊಂಡಿದ್ದಳು.

ಬೀಜ ಮೊಳೆತ ವಾರ ಅವನು ಅವಳ ಮನೆಗೆ ಹೋದ. ಹೋದದ್ದು ಯಾವುದೋ ಕಾಗದದ ನೆಪದಲ್ಲಿ. ಬಾಗಿಲು ತೆಗೆದ ಅವಳ ಅತ್ತೆ ಅವನನ್ನು ಕೂರಿಸಿ, ಚಹಾ ಕೊಟ್ಟು, ಸೊಸೆ ಒಳಗಿದ್ದಾಗಲೇ ಹೇಳಿದರು: "ಕೇಳೋದಿದ್ರೆ ಬೇಗ ಕೇಳಪ್ಪ. ನಿನ್ನ ಕೆಮ್ಮಿನ ಸುದ್ದಿ ಕೇಳಿ ಕೇಳಿ ನನ್ನ ಕಿವಿ ಮಂದ ಆಗ್ತಿದೆ."

ಕೇಳಿದ. ಹೊರಗೆ ಬಂದಿದ್ದ ಅವಳು ಚಹಾದ ಲೋಟ ಎತ್ತಿಕೊಂಡಳು. ಬೇಡ ಎನ್ನಲಿಲ್ಲ.

"ಅವರ ತೊಂಬತ್ತಾರು ಸಸಿ ನನ್ನ ಕೈಲಿದೆ," ಎಂದಳು. "ಅದು ದಡ ಮುಟ್ಟಲಿ. ಒಂದು ಕೈಲಿ ಅವರ ಗಿಡ ಹಿಡ್ಕೊಂಡು ಇನ್ನೊಂದು ಕೈ ನಿಮಗೆ ಕೊಡೋಕೆ ನನಗೆ ಬರಲ್ಲ."

ಅವನಿಗೆ ಅಷ್ಟು ಸಾಕಾಗಿತ್ತು. ಸಸಿ ಎತ್ತರವಾಗುವುದನ್ನು ಅವನಷ್ಟು ಆಸೆಯಿಂದ ಯಾರೂ ಕಾದಿರಲಾರರು.

ಎಲೆ ಕತ್ತರಿಸುವ ಬೆಳಿಗ್ಗೆ ಇಬ್ಬರೂ ಅಕ್ಕಪಕ್ಕ ಕುಳಿತರು. ಎಲೆಚೂರು ಇಡುವ ತಟ್ಟೆಯಲ್ಲಿ ಸಣ್ಣ ಸಣ್ಣ ಕುಳಿಗಳು, ಒಟ್ಟು ತೊಂಬತ್ತಾರು. ಆದರೆ ತುಂಬಬೇಕಾದದ್ದು ತೊಂಬತ್ತೈದು. ಮೂಲೆಯ ಒಂದು ಕುಳಿಯನ್ನು ಖಾಲಿ ಬಿಡುವುದು ಲ್ಯಾಬಿನ ನಿಯಮ. ತಟ್ಟೆಯ ನಾಲ್ಕು ಮೂಲೆಯೂ ಒಂದೇ ಥರ. ಯಂತ್ರದೊಳಗೆ ಅದು ಹಿಂದುಮುಂದಾಗಿ ಕೂತಿದ್ದರೆ ಖಾಲಿ ಕುಳಿಯೇ ಕೂಗಿ ಹೇಳುತ್ತದೆ. ಇದನ್ನೆಲ್ಲ ಅವನು ವಿವರಿಸಿದ.

ಹಾಗಾದರೆ ಯಾವುದನ್ನು ಬಿಡಲಿ ಎಂದು ಅವಳು ಕೇಳಿದಳು. ಸಾಲು ಸಾಲು ಸಸಿಗಳ ಮೇಲೆ ಅವಳ ಕಣ್ಣು ಹೋಗಿ ಬಂತು. ಮನೆ ತುಂಬ ಮಕ್ಕಳಿರುವ ತಾಯಿಗೆ ಒಬ್ಬರನ್ನು ಹೊರಗೆ ನಿಲ್ಲಿಸು ಎಂದ ಹಾಗಿತ್ತು ಆ ನೋಟ.

ಅವನು ನಿಯಮ ಮುರಿದ. ತೊಂಬತ್ತಾರನ್ನೂ ತುಂಬಿ, ಮೊದಲ ಮೂಲೆಗೆ ಪೆನ್ನಿನಿಂದ ಒಂದು ನೀಲಿ ಚುಕ್ಕೆ ಇಟ್ಟ. ಇದು ಸಾಕು ಎಂದ. ಅವಳ ಮುಖ ಬಿಡಿಸಿದ ಹೂವಾಯಿತು.

ಅಂದು ಅವಳೂ ಲ್ಯಾಬಿಗೆ ಬಂದಳು, ಮೊದಲ ಸಲ. ಎತ್ತರದ ಸ್ಟೂಲಿನ ಮೇಲೆ ಕಾಲು ನೇತಾಡಿಸಿ ಕುಳಿತು, ಯಂತ್ರಕ್ಕೆ ಕಣ್ಣೆಲ್ಲಿದೆ, ಅದಕ್ಕೆ ಸುಸ್ತಾಗುವುದಿಲ್ಲವೇ ಎಂದು ಕೇಳುತ್ತಿದ್ದಳು. ಅವನು ಉತ್ತರ ಕೊಡುತ್ತ, ರೂಢಿಯಂತೆ ಸ್ಪಿರಿಟ್ಟಿನ ಬಟ್ಟೆಯಿಂದ ತಟ್ಟೆ ಒರೆಸುತ್ತ, ಅವಳನ್ನೇ ನೋಡುತ್ತಿದ್ದ. ಕಿಟಕಿಯ ಬಿಸಿಲು ಅವಳ ಕೆನ್ನೆಯ ಸಣ್ಣ ರೋಮಗಳ ಮೇಲೆ ಪರಾಗದಂತೆ ಕೂತಿತ್ತು.

"ಮೇಷ್ಟ್ರೇ," ಎಂದಳು ಅವಳು, ನಗು ತಡೆದು. "ತಟ್ಟೆ ಅಲ್ಲಿದೆ."

ಇಬ್ಬರೂ ನಕ್ಕರು. ಅವನು ತಟ್ಟೆಯನ್ನು ಯಂತ್ರದೊಳಗಿಟ್ಟು ಬಾಗಿಲು ಹಾಕಿದ.

ಪಟ್ಟಿ ಬಂತು. ಎಂಟು ಗಿಡ ಇಡಬೇಕು, ಉಳಿದವನ್ನು ಅದೇ ದಿನ ಕೀಳಬೇಕು. ಅವಳು ಪಟ್ಟಿ ಹಿಡಿದು ಬಂದು, ನಲವತ್ತಮೂರು ಇದರಲ್ಲಿಲ್ಲವಲ್ಲ ಎಂದಳು. ಆ ಗಿಡದ ಕಾಂಡ ಕಪ್ಪು ಮಿಶ್ರಿತ ಕೆಂಪು, ಥೇಟು ಕಾಡು ಗಿಡದ ಬಣ್ಣ. ನಿಮ್ಮ ಕಣ್ಣಿಗೆ ಕಾಣುವುದು ಮೈ, ಯಂತ್ರಕ್ಕೆ ಕಾಣುವುದು ಒಳಗಿನದು ಎಂದು ಅವನು ಮೃದುವಾಗಿ ತಿಳಿಸಿ ಹೇಳಿದ. ಅವಳು ನಂಬಿದಳು. ಎಂಬತ್ತೆಂಟು ಗಿಡಗಳ ಮುಂದೆಯೂ ಬಗ್ಗಿ, ಕ್ಷಮಿಸು ಎಂದು ಎಂಬತ್ತೆಂಟು ಸಲ ಹೇಳಿ, ಕಿತ್ತಳು.

ಉಳಿದ ಎಂಟನ್ನು ರೋಗದ ಮಣ್ಣಿಗೆ ನೆಟ್ಟರು. ಗಿಡದ ಗಟ್ಟಿತನ ಪರೀಕ್ಷಿಸಲೆಂದೇ ಸೊರಗು ರೋಗವನ್ನು ಸಾಕಿಟ್ಟ ತಾಕು ಅದು. ಹದಿನೆಂಟನೆಯ ದಿನ ಮೊದಲನೆಯದು ತಲೆ ಬಾಗಿಸಿತು. ತಿಂಗಳೊಳಗೆ ಎಂಟೂ ಹೋದವು. ಕೊನೆಯ ಗಿಡದ ಬೇರು ಸೀಳಿ ನೋಡಿದಾಗ ಒಳಗೆ ಕಪ್ಪು ಗೆರೆ. ಅವಳು ಬೇರನ್ನು ಕೆಳಗಿಟ್ಟು ತನ್ನ ಎರಡೂ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು.

ಮರುದಿನ ದೊಡ್ಡ ಸಾಹೇಬರಿಗೆ ಬರೆದುಕೊಟ್ಟಳು. ಆ ವರ್ಷ ಮನೆಯಲ್ಲಿ ಗಂಡ ನರಳುತ್ತಿದ್ದ, ತನ್ನ ಮನಸ್ಸು ಕೈಯಲ್ಲಿರಲಿಲ್ಲ. ಕಾಡು ಹೂವಿನ ಪರಾಗ ಮುಟ್ಟುವ ಮೊದಲೇ ಮೊಗ್ಗು ತನ್ನದೇ ಪರಾಗ ಹಿಡಿದಿರಬೇಕು. ಅಜ್ಜಿಯ ರಕ್ತ ಈ ಮೊಮ್ಮಕ್ಕಳಿಗೆ ಬಂದೇ ಇಲ್ಲ, ಯಂತ್ರಕ್ಕೆ ಕಂಡದ್ದು ಬೇರೇನೋ ಇರಬೇಕು. ತಪ್ಪು ತನ್ನ ಕೈಯದು. ಇನ್ನು ಹೂ ಕೂಡಿಸುವುದಿಲ್ಲ, ಕಳೆ ಕೀಳುವ ಕೆಲಸ ಕೊಡಿ.

ಅವನು ಆ ಕಾಗದ ಓದಿದ್ದು ಸಾಹೇಬರ ಮೇಜಿನ ಮೇಲೆ. ಓದಿ ನೇರ ಲ್ಯಾಬಿಗೆ ಬಂದು, ಸತ್ತ ಗಿಡಗಳಿಂದ ಎತ್ತಿಟ್ಟಿದ್ದ ಎಲೆಗಳನ್ನು ಮತ್ತೆ ಓದಿಸಿದ. ಅವಳ ಕೈ ತಪ್ಪಿಲ್ಲವೆಂದು ತೋರಿಸುವ ಒಂದು ಸಣ್ಣ ಪುರಾವೆ ಸಿಕ್ಕರೆ ಸಾಕೆಂದು ದೇವರನ್ನು ಬೇಡಿಕೊಂಡ.

ದೇವರು ಕೊಟ್ಟ. ಐವತ್ತನಾಲ್ಕನೆಯ ಗಿಡದ ಅಕ್ಷರಗಳು ಹಳೆಯ ಪಟ್ಟಿಯ ಐವತ್ತನಾಲ್ಕಕ್ಕೆ ಹೊಂದಲಿಲ್ಲ. ನಲವತ್ತಮೂರಕ್ಕೆ ಹೊಂದಿದವು. ಇನ್ನೊಂದು ನೋಡಿದ, ಮತ್ತೊಂದು ನೋಡಿದ. ಎಲ್ಲವೂ ಕೊನೆಯಿಂದ ಎಣಿಸಿದಂತೆ. ತಟ್ಟೆ ಯಂತ್ರದೊಳಗೆ ಹಿಂದುಮುಂದಾಗಿ ಕೂತಿತ್ತು. ಅವಳ ಕೆನ್ನೆಯ ಬಿಸಿಲು ನೋಡುತ್ತ ಅವನು ಒರೆಸಿದ ಬಟ್ಟೆಯಲ್ಲಿ ನೀಲಿ ಚುಕ್ಕೆ ಅಳಿಸಿಹೋಗಿತ್ತು. ಹಾಗಾದರೆ ಪಟ್ಟಿಯಲ್ಲಿ ಐವತ್ತನಾಲ್ಕೆಂದು ಬಂದದ್ದು ನಿಜವಾದ ನಲವತ್ತಮೂರು, ಅದರಲ್ಲಿ ಅಜ್ಜಿಯ ಶಕ್ತಿ ಪೂರ್ತಿ ಇತ್ತು. ಅದನ್ನು ಅವನೇ ಕೀಳಿಸಿದ್ದ.

ಅದಕ್ಕಿಂತ ಕೆಟ್ಟ ಒಂದು ಯೋಚನೆ ಬಂದು ಎದುರಿಗೆ ಕೂತಿತು. ಕೈ ತಪ್ಪಿತೋ, ಮನಸ್ಸೇ ತಪ್ಪಿಸಿತೋ? ಸತ್ತವನ ಗಿಡಗಳು ಬೇಗ ಮುಗಿಯಲಿ, ಅವಳ ಕೈ ಬಿಡುವಾಗಲಿ ಎಂದು ಒಳಗಿನ ಯಾವ ಮೂಲೆಯೂ ಕಾದಿರಲಿಲ್ಲವೇ? ಮನುಷ್ಯನ ಒಳಗನ್ನು ಓದುವ ಯಂತ್ರ ಅವನ ಹತ್ತಿರ ಇರಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಅವಳೇ ಬಂದಳು. ಲ್ಯಾಬಿನ ಹೊರಗಿನ ಕಟ್ಟೆಯ ಮೇಲೆ ಕುಳಿತಳು, ಅವನಿಗೂ ಜಾಗ ಬಿಟ್ಟು. ಅತ್ತು ಮುಗಿಸಿದ ಮುಖ, ಮಳೆ ನಿಂತ ಅಂಗಳದ ಹಾಗೆ.

"ದೇವರೇ ಬಿಡಿಸಿದ ಅಂದ್ಕೊಂಡೆ," ಎಂದಳು. "ಅವರ ಕೆಲಸ ನನ್ನ ಕೈಯಿಂದ ಆಗಲಿಲ್ಲ. ಇನ್ನು ಹಿಡ್ಕೊಂಡು ಕೂರೋಕೆ ಏನೂ ಇಲ್ಲ. ಅತ್ತೆನೂ ಹೇಳಿದ್ರು. ನೀವು ಅವತ್ತು ಕೇಳಿದ್ದಕ್ಕೆ ಉತ್ತರ ಹೇಳೋಣ ಅಂತ ಬಂದೆ."

ಅವಳು ಕೈಯನ್ನು ಕಟ್ಟೆಯ ಮೇಲೆ, ಇಬ್ಬರ ನಡುವೆ ಇಟ್ಟಿದ್ದಳು. ಅಂಗೈ ಮೇಲಾಗಿ. ಎರಡು ವರ್ಷ ಅವನು ಕನಸಿನಲ್ಲಿ ಕಂಡ ಕೈ. ಹಿಡಿದರೆ ಮುಗಿಯಿತು, ಈ ಲೋಕದಲ್ಲಿ ಯಾರಿಗೂ ಏನೂ ತಿಳಿಯುವುದಿಲ್ಲ.

"ನಿಮ್ಮ ಕೈ ತಪ್ಪಿಲ್ಲ," ಎಂದ. "ತಟ್ಟೆ ಹಿಂದುಮುಂದಾಗಿತ್ತು. ಇಟ್ಟವನು ನಾನು."

ಎಲ್ಲವನ್ನೂ ಹೇಳಿದ. ಚುಕ್ಕೆ, ಬಟ್ಟೆ, ಬಿಸಿಲು. ತನ್ನ ಮನಸ್ಸಿನ ಮೇಲಿನ ಸಂಶಯವನ್ನೂ ಮುಚ್ಚಿಡಲಿಲ್ಲ. ಅವಳು ನಡುವೆ ಒಂದೇ ಒಂದು ಪ್ರಶ್ನೆ ಕೇಳಿದಳು.

"ನಲವತ್ಮೂರು?"

"ಅದರಲ್ಲಿತ್ತು. ಪೂರ್ತಿ ಇತ್ತು."

ಅವಳು ಕೈ ಎಳೆದುಕೊಂಡು ಮಡಿಲಲ್ಲಿಟ್ಟುಕೊಂಡಳು.

"ನಾಳೆ ಹೇಳಬಹುದಿತ್ತು," ಎಂದಳು. "ಮದುವೆ ಆಗಿ ಹತ್ತು ವರ್ಷ ಆದ್ಮೇಲೆ ಹೇಳಬಹುದಿತ್ತು. ಹೇಳದೇನೂ ಇರಬಹುದಿತ್ತು."

"ನಿಮ್ಮ ಕೈ ಮೇಲೆ ನೀವೇ ತಪ್ಪು ಹೊರಿಸಿದ್ದೀರಿ. ಆ ಕೈನ ನಾನು ಹೇಗೆ ಹಿಡ್ಕೊಳ್ಳಲಿ?"

ಅವಳು ಎದ್ದು ಹೋದಳು. ಅದೇ ಸಂಜೆ ಅವನು ನಡೆದದ್ದನ್ನೆಲ್ಲ ಬರೆದು ಸಾಹೇಬರಿಗೆ ಕೊಟ್ಟ. ಅವಳ ಕಾಗದ ವಾಪಸಾಯಿತು, ಅವನಿಗೆ ದೂರದ ಬೇರೊಂದು ಕೇಂದ್ರಕ್ಕೆ ವರ್ಗವಾಯಿತು.

ಹೊರಡುವ ಹಿಂದಿನ ದಿನ ಅವಳ ಅತ್ತೆಯ ಕಾಲು ಮುಟ್ಟಲು ಹೋದ. ಅವಳು ಮನೆಯಲ್ಲಿರಲಿಲ್ಲ. ಮುದುಕಿ ಅವನ ತಲೆಯ ಮೇಲೆ ಕೈಯಿಟ್ಟರು. ಆಮೇಲೆ ಅಂದರು: "ನನ್ನ ಮಗನ ಗಿಡ ಹೋಯ್ತು ಅಂತ ನನಗೆ ಸಂಕಟ ಇಲ್ಲ ಅಂತಲ್ಲಪ್ಪ. ಆದ್ರೆ ಈ ಮನೇಲಿ ಒಂದು ನಗು ಶುರುವಾಗಿತ್ತು. ಅದಕ್ಕೂ ಸೇರಿಸಿ ಅಳ್ತಿದೀನಿ."

ಮರುದಿನ ಬೆಳಿಗ್ಗೆ ಅವನು ಲ್ಯಾಬಿನ ಬೀಗದ ಕೈ ಒಪ್ಪಿಸಲು ಬಂದಾಗ ಅವಳು ಬಾಗಿಲಲ್ಲಿದ್ದಳು. ಹೊಲದಿಂದ ನೇರ ಬಂದಿದ್ದಳು. ಉಗುರಿನ ಸಂದಿಯಲ್ಲಿ ಹಳದಿ ಪುಡಿ. ಮತ್ತೆ ಹೂ ಕೂಡಿಸುತ್ತಿದ್ದಾಳೆ ಎಂದು ಅವನಿಗೆ ಗೊತ್ತಾಯಿತು.

"ನಿಮ್ಮ ಮೇಲೆ ಸಿಟ್ಟಿಲ್ಲ," ಎಂದಳು. "ಸಿಟ್ಟಾಗಿದ್ರೆ ಒಂದಿನ ಇಳೀತಿತ್ತು. ನಿಮ್ಮನ್ನ ನೋಡಿದಾಗೆಲ್ಲ ಅವರು ಇನ್ನೊಂದು ಸಲ ಹೋದ ಹಾಗಾಗುತ್ತೆ. ಹಾಗಂತ ನೀವಿಲ್ಲದ ಹೊಲ ಹೇಗಿರುತ್ತೋ, ಅದೂ ನನಗೆ ಗೊತ್ತಿಲ್ಲ."

ಅವನು ತಲೆ ತಗ್ಗಿಸಿದ. ಇದಕ್ಕಿಂತ ದೊಡ್ಡ ಪ್ರೀತಿಯ ಮಾತು ತನಗೆ ಈ ಜನ್ಮದಲ್ಲಿ ಸಿಗದು ಎಂದು ತಿಳಿದು, ಅದನ್ನು ಪ್ರಸಾದದಂತೆ ತೆಗೆದುಕೊಂಡ.

"ಗಿಡ ಹೋಯ್ತು. ಅದರ ಅಕ್ಷರ ನಿಮ್ಮ ಹತ್ರ ಉಳಿದಿದೆ ಅಲ್ವಾ?" ಎಂದು ಕೇಳಿದಳು.

ಉಳಿದಿದೆ, ಆದರೆ ಅದನ್ನು ಓದಬಹುದು ಅಷ್ಟೇ, ಬಿತ್ತಲು ಬರುವುದಿಲ್ಲ ಎಂದ.

"ಓದಿ. ಕೇಳ್ತೀನಿ."

ಅವನು ಕಂಪ್ಯೂಟರ್ ತೆರೆದು ನಲವತ್ತಮೂರನ್ನು ತೆಗೆದ. ಅವಳು ನೆಲದ ಮೇಲೆ ಕಾಲು ಮಡಿಸಿ ಕುಳಿತು, ಕೈ ಜೋಡಿಸಿ, ಕಣ್ಣು ಮುಚ್ಚಿದಳು. ಎ, ಎ, ಜಿ, ಟಿ, ಸಿ, ಟಿ, ಎಂದು ಅವನು ಓದತೊಡಗಿದ. ಅರ್ಥವಿಲ್ಲದ ಅಕ್ಷರಗಳು ಅವನ ಬಾಯಲ್ಲಿ ಮೆಲ್ಲಗೆ ಒಂದು ನಡಿಗೆ ಹಿಡಿದವು. ಅವಳ ಮುಚ್ಚಿದ ರೆಪ್ಪೆಯಡಿಯಿಂದ ನೀರು ಇಳಿಯಿತು. ಅವಳು ಒರೆಸಿಕೊಳ್ಳಲಿಲ್ಲ.

ಒಂದು ಪುಟ ಮುಗಿದಾಗ ಅವನು ನಿಲ್ಲಿಸಿ, ಎಲ್ಲಿಯವರೆಗೆ ಓದಲಿ ಎಂದು ಕೇಳಿದ.

"ನಿಮ್ಮ ಬಸ್ಸು ಎಷ್ಟು ಹೊತ್ತಿಗೆ?"

"ಹನ್ನೆರಡಕ್ಕೆ."

"ಅಲ್ಲಿವರೆಗೆ," ಎಂದಳು ಅವಳು, ಕಣ್ಣು ತೆರೆಯದೆ.