ಚೌಕದ ಅಕ್ಷರ ನುಂಗಿದ ಮಾಂತ್ರಿಕ

ಬಹಳ ಹಿಂದೆ ಬಟ್ಟಲಗಿರಿ ಎಂಬ ರಾಜ್ಯವಿತ್ತು. ಅಲ್ಲಿನ ಅಕ್ಷರಗಳೆಲ್ಲ ಗುಂಡು ಗುಂಡು. ಅದೇ ಮುಳುವಾಯಿತು ನೋಡಿ! ಅಕ್ಷರನುಂಗ ಎಂಬ ಮಾಂತ್ರಿಕನೊಬ್ಬ ಬಂದ. ಅವನು ಶಿಳ್ಳೆ ಹಾಕಿದರೆ ಸಾಕು, ಬರೆದ ಅಕ್ಷರ ಉರುಳುರುಳಿ ಅವನ ಬಾಯಿಗೆ ಬೀಳುತ್ತಿತ್ತು. ಯಾರ ಹೆಸರು ನುಂಗಿದನೋ ಅವರಿಗೆ ಹೆತ್ತ ಮಕ್ಕಳ ಗುರುತೂ ಸಿಗುತ್ತಿರಲಿಲ್ಲ.

ಒಂದು ದಿನ ಅರಮನೆಯ ಹೆಬ್ಬಾಗಿಲ ಮೇಲಿದ್ದ ರಾಣಿ ನಾಗಲೆಯ ಹೆಸರನ್ನೇ ನುಂಗಿಬಿಟ್ಟ, ಪಾಪಿ! ರಾಜಕುಮಾರಿ ಕೇತಲೆ "ಅವ್ವಾ!" ಎಂದು ಓಡಿ ಬಂದರೆ ರಾಣಿ, "ಯಾರಮ್ಮ ನೀನು?" ಅಂದಳು. ಕೇತಲೆ ಗೊಳೋ ಎಂದು ಅತ್ತಳು.

ಅವಳನ್ನು ಎತ್ತಿ ಆಡಿಸಿದ ದಾದಿ ಸಂಕವ್ವ ಕಣ್ಣೊರೆಸಿದಳು. "ಅಳಬೇಡ ಕಂದಾ. ಅದೇ ಬಾಗಿಲ ಮೇಲೆ ಹೆಸರು ಬರಿ. ಹೊತ್ತು ಮುಳುಗೋವರೆಗೆ ಉಳಿದರೆ ನಿಮ್ಮವ್ವ ನಿನಗೆ ಸಿಗ್ತಾಳೆ."

ಕೇತಲೆ ಮಸಿಯಲ್ಲಿ ಬರೆದಳು. ಶಿಳ್ಳೆ ಕೇಳಿತು. ಮಾಂತ್ರಿಕ ಶಾವಿಗೆಯಂತೆ ಸೊರ್ರನೆ ಹೀರಿಕೊಂಡ. ಮರುದಿನ ಕಲ್ಲಲ್ಲಿ ಕೆತ್ತಿಸಿದಳು. ಶಿಳ್ಳೆ ಕೇಳಿತು. ಕೋಡುಬಳೆಯಂತೆ ಕಟಂಕಟಂ ಅಗಿದ. "ಇನ್ನೂ ಇದ್ದರೆ ಬಡಿಸಮ್ಮ!" ಎಂದು ಹೊಟ್ಟೆ ಬೇರೆ ಸವರಿಕೊಂಡ.

ಕೇತಲೆ ಮುಖ ಊದಿಸಿಕೊಂಡು ಕೂತಳು. ಸಂಕವ್ವ ಸಮಾಧಾನಕ್ಕೆಂದು ಚೌಕಾಬಾರದ ಮಣೆ ತಂದಿಟ್ಟಳು. "ಬಾ, ಒಂದಾಟ ಆಡೋಣ. ಮನೆ ಮನೆ ದಾಟಿ ನಡುಮನೆ ಸೇರಿದರೆ ನಿನ್ನ ಕಾಯಿ ಹಣ್ಣು."

"ಮನೆ!" ಕೇತಲೆ ದಡಕ್ಕನೆ ಎದ್ದಳು. "ಸಂಕವ್ವಾ, ನಮ್ಮ ಅಕ್ಷರಕ್ಕೆ ಮನೆಯೇ ಇಲ್ಲ, ಅದಕ್ಕೇ ಉರುಳಿ ಹೋಗ್ತಿವೆ. ಚೌಕದ ಮನೆ ಜೋಡಿಸಿ ಅಕ್ಷರ ಕಟ್ಟೋಣ!"

"ಅಕ್ಷರಕ್ಕೆ ಮೂಲೆಯೇ? ಗುರುಗಳು ಕಿವಿ ಹಿಂಡ್ತಾರೆ!"

"ಹಿಂಡಲಿ ಬಿಡು!"

ಇಬ್ಬರೂ ಬಾಗಿಲ ಮೇಲೆ ಚೌಕ ಚೌಕ ಗೆರೆ ಹಾಕಿ, ಬೇಕಾದ ಮನೆಗಳಿಗೆಲ್ಲ ಕಾಡಿಗೆ ತುಂಬಿದರು. ದಪ್ಪದಪ್ಪನೆಯ ನಾ, ಗ, ಲೆ ಎದ್ದು ನಿಂತವು. ಸುತ್ತು ಬರಬೇಕಾದಲ್ಲೆಲ್ಲ ಮೆಟ್ಟಿಲು! ಊರಾಚೆಯ ಕೆರೆ ಏರಿಯಿಂದಲೂ ಓದಬಹುದಿತ್ತು.

ಮಾಂತ್ರಿಕ ಬಂದ. ಶಿಳ್ಳೆ ಹಾಕಿದ. ಅಕ್ಷರ ಅಲ್ಲಾಡಲಿಲ್ಲ. ಕೆನ್ನೆ ನೋಯುವಷ್ಟು ಊದಿದ. ಊಹೂಂ! ಸಿಟ್ಟು ನೆತ್ತಿಗೇರಿ, ಬಾಗಿಲು ಹತ್ತಿ, 'ನಾ' ಅಕ್ಷರವನ್ನು ಕಿತ್ತು ಬಾಯಿಗೆ ತುರುಕಿಕೊಂಡ.

ಮೂಲೆ ಗಂಟಲಿಗೆ ಸಿಕ್ಕಿಕೊಂಡಿತು!

"ಖೊಕ್!" ಎಂದು ಕೆಮ್ಮಿದ್ದೇ ತಡ, ನುಂಗಿದ್ದ ಗುಂಡಕ್ಷರಗಳೆಲ್ಲ ಬುಳುಬುಳು ಹೊರಬಿದ್ದು ತಂತಮ್ಮವರ ಮನೆಗೆ ಓಡಿದವು. ರಾಣಿಯ ಹೆಸರೂ ಹೆಬ್ಬಾಗಿಲೇರಿ ಕೂತಿತು. ಚೌಕ ಮಾತ್ರ ಗಂಟಲಲ್ಲೇ ಉಳಿಯಿತು. ಆಮೇಲೆ ಅವನಿಗೆ ಶಿಳ್ಳೆ ಹೊರಡಲೇ ಇಲ್ಲ. ಊರವರ ನಗುವಿಗೆ ಹೆದರಿ ಕಾಲಿಗೆ ಬುದ್ಧಿ ಹೇಳಿದ.

ಅಂದಿನಿಂದ ಬಟ್ಟಲಗಿರಿಯಲ್ಲಿ ಓಲೆಗೆ ಗುಂಡಕ್ಷರ. ಕೋಟೆ ಬಾಗಿಲು, ಅಂಗಡಿ ಹಲಗೆ, ಆಟದ ಡೇರೆ, ಬಾವುಟಕ್ಕೆಲ್ಲ ಚೌಕದಕ್ಷರ. ಗುರುಗಳೇ ಮೊದಲು ಮನೆಗೆ ಬರೆಸಿಕೊಂಡರು! ಎಲ್ಲರೂ ಹೆಸರಿಟ್ಟುಕೊಂಡು, ಹೆಸರು ಕೂಗಿಕೊಂಡು ಸುಖವಾಗಿದ್ದರು.

ಆದರೆ ಆ ಸಂಜೆಯದೊಂದು ಮಾತು ಹೇಳದಿದ್ದರೆ ಹೇಗೆ? ಕೇತಲೆ ಕಾಡಿಗೆ ಮೆತ್ತಿದ ಮುಖದಲ್ಲಿ ಬಾಗಿಲ ಬಳಿಯೇ ನಿಂತಿದ್ದಳು. ಒಳಗಿನಿಂದ ರಾಣಿ ಬಂದು ಸೆರಗಿನಿಂದ ಅವಳ ಕೆನ್ನೆ ಒರೆಸಿದಳು.

"ಕೇತೀ, ಇದೇನೇ ಅವತಾರ? ಊಟ ಮಾಡಿದ್ಯಾ?"

ಕೇತಲೆ ಅವ್ವನನ್ನು ತಬ್ಬಿಕೊಂಡೇ ಕೂಗಿದಳು: "ಸಂಕವ್ವಾ, ನನ್ನ ಕಾಯಿ ಹಣ್ಣಾಯ್ತು!"